ನೀಲಿ ಬೆಕ್ಕಿನ ಬಾಯಲ್ಲಿ ಯಾವ ಭಾಷೆ?

ಶಾಲೆ ಬಿಟ್ಟು ಬಂದ ಹುಡುಗ ಪಾಟಿಚೀಲವನ್ನು ಮೂಲೆಗೆ ಒಗೆದು ಟಿ.ವಿ. ಹಚ್ಚುತ್ತಾನೆ. ಪರದೆಯ ಮೇಲೆ ಕಿವಿಯಿಲ್ಲದ ನೀಲಿ ಬೆಕ್ಕೊಂದು ಹೊಟ್ಟೆಯ ಮೇಲಿನ ಜೇಬಿನಿಂದ ಏನನ್ನೋ ತೆಗೆದು ಎತ್ತಿ ಹಿಡಿಯುತ್ತದೆ. ಮಾತು ಹಿಂದಿಯದು. ಪಕ್ಕದಲ್ಲಿ ಕಾಳು ಹಸನು ಮಾಡುತ್ತ ಕುಳಿತ ಅಜ್ಜಿ, 'ಏನಂತೈತೋ ತಮ್ಮಾ ಅದು?' ಎಂದು ಕೇಳುತ್ತಾಳೆ. ಪರದೆಯಿಂದ ಕಣ್ಣು ಕೀಳದೆ ಹುಡುಗ ಉತ್ತರಿಸುತ್ತಾನೆ: 'ಅದನ್ನ ತಲಿ ಮ್ಯಾಲೆ ಇಟ್ಕೊಂಡ್ರ ಹಾರಬಹುದಂತ, ಆಯಿ.'

ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆಗಳ ಮನೆಗಳಲ್ಲಿ ಕಳೆದ ಎರಡು ದಶಕಗಳಿಂದ ಇಂಥ ಸಂಜೆಗಳು ಹೊಸವಲ್ಲ. ಜಪಾನಿನಲ್ಲಿ ಹುಟ್ಟಿದ ಬೆಕ್ಕು ಹಿಂದಿಯಲ್ಲಿ ಮಾತನಾಡುತ್ತದೆ. ಅದನ್ನು ಕನ್ನಡಕ್ಕೆ ತಂದು ಅಜ್ಜಿಗೆ ಮುಟ್ಟಿಸುವ ಕೆಲಸ ಮಗುವಿನದು. ಈ ಬೆಕ್ಕು ಯಾರದು, ಇಲ್ಲಿಗೆ ಹೇಗೆ ಬಂತು, ಬರುವ ದಾರಿಯಲ್ಲಿ ಕನ್ನಡವನ್ನು ಏಕೆ ಕಲಿಯಲಿಲ್ಲ ಎಂಬ ಪ್ರಶ್ನೆಗಳನ್ನು ಹಿಂಬಾಲಿಸಿದರೆ ಕಥೆ ಟೋಕಿಯೋದಿಂದ ಪಟ್ಟದಕಲ್ಲಿನವರೆಗೂ ಹರಡಿಕೊಳ್ಳುತ್ತದೆ.

ಬೀದಿಬೆಕ್ಕಿನ ಹುಟ್ಟು

ನಮ್ಮ ಮಕ್ಕಳು 'ಡೋರೆಮಾನ್' ಎಂದು ಕರೆಯುವ ಈ ಬೆಕ್ಕಿನ ಜಪಾನಿ ಹೆಸರು 'ದೊರಾಎಮೊನ್'. 'ದೊರಾನೆಕೊ' ಎಂದರೆ ಬೀದಿಬೆಕ್ಕು. 'ಎಮೊನ್' ಎಂಬುದು ಹಿಂದಿನ ಕಾಲದ ಜಪಾನಿ ಗಂಡಸರ ಹೆಸರಿನ ಕೊನೆಗೆ ಬರುತ್ತಿದ್ದ ಪ್ರತ್ಯಯ. ನಮ್ಮಲ್ಲಿ ಮಲ್ಲಪ್ಪ, ಬಸಪ್ಪ ಎಂಬಲ್ಲಿ ಬರುವ 'ಅಪ್ಪ'ನ ಹಾಗೆ. ಬಾಗಲಕೋಟೆಯ ಕಡೆ ಹುಟ್ಟಿದ್ದರೆ ಅದು 'ಬೆಕ್ಕಪ್ಪ'ನಾಗುತ್ತಿತ್ತು.

ಇದರ ಕರ್ತೃ ಹಿರೋಶಿ ಫುಜಿಮೊತೊ. 1933ರಲ್ಲಿ ತೊಯಾಮ ಪ್ರಾಂತ್ಯದ ತಕಾವೊಕ ಪಟ್ಟಣದಲ್ಲಿ ಹುಟ್ಟಿದ ಅವರು ಗೆಳೆಯ ಮೊತೊವೊ ಅಬಿಕೊ ಅವರೊಡನೆ ಸೇರಿ 'ಫುಜಿಕೊ ಫುಜಿಯೊ' ಎಂಬ ಒಂದೇ ಹೆಸರಿನಲ್ಲಿ ಚಿತ್ರಕಥೆಗಳನ್ನು ಬರೆದರು. ಇಬ್ಬರೂ ಬೇರೆಯಾದ ಮೇಲೆ ಬೆಕ್ಕು ಫುಜಿಮೊತೊ ಅವರ ಪಾಲಿಗೆ ಉಳಿಯಿತು. 1996ರಲ್ಲಿ ತೀರಿಕೊಳ್ಳುವವರೆಗೂ ಅವರು ಅದರ ಕೈ ಬಿಡಲಿಲ್ಲ.

ಕಥೆ ಮೊದಲು ಕಾಣಿಸಿಕೊಂಡದ್ದು 1970ರ ಜನವರಿ ಸಂಚಿಕೆಗಳಲ್ಲಿ. ಸಂಚಿಕೆಗಳು ಎಂದು ಬಹುವಚನದಲ್ಲಿ ಹೇಳುವುದಕ್ಕೆ ಕಾರಣವಿದೆ. ಷೋಗಾಕುಕಾನ್ ಎಂಬ ಪ್ರಕಾಶನ ಸಂಸ್ಥೆ ಶಿಶುವಿಹಾರದ ಮಕ್ಕಳಿಂದ ನಾಲ್ಕನೇ ತರಗತಿಯವರೆಗೆ ವಯಸ್ಸಿಗೊಂದರಂತೆ ಪತ್ರಿಕೆಗಳನ್ನು ಹೊರತರುತ್ತಿತ್ತು. ಅಂಥ ಆರು ಪತ್ರಿಕೆಗಳಲ್ಲಿ ಡೋರೆಮಾನ್ ಏಕಕಾಲಕ್ಕೆ ಆರಂಭವಾಯಿತು. ಎಲ್ಲದರಲ್ಲೂ ಒಂದೇ ಕಥೆಯಲ್ಲ. ಆಯಾ ವಯಸ್ಸಿನ ಮಗುವಿಗೆ ತಿಳಿಯುವ ಮಾತು, ಅದಕ್ಕೆ ತಕ್ಕ ಚಿತ್ರ, ಅದಕ್ಕೆ ತಕ್ಕ ಹಾಸ್ಯ. ಓದುವ ಮಗು ಯಾರು, ಅದರ ಮಾತು ಎಂಥದು ಎಂಬುದನ್ನು ಮೊದಲು ನಿರ್ಧರಿಸಿಕೊಂಡು ಆಮೇಲೆ ಕಥೆ ಕಟ್ಟುವ ಈ ಕ್ರಮವನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಕಥೆಯ ಹಂದರ ಸರಳವಾದುದು. ನೊಬಿತಾ ಎಂಬ ಹುಡುಗ ಓದಿನಲ್ಲಿ ಹಿಂದೆ, ಆಟದಲ್ಲಿ ಇನ್ನೂ ಹಿಂದೆ. ಪರೀಕ್ಷೆಯಲ್ಲಿ ಸೊನ್ನೆ, ಬೀದಿಯಲ್ಲಿ ಜಿಯಾನ್ ಎಂಬ ದಾಂಡಿಗನ ಗುದ್ದು. ಇವನು ದೊಡ್ಡವನಾಗಿ ಮಾಡಿದ ವ್ಯವಹಾರ ಮುಳುಗಿ, ಆ ಸಾಲ ತಲೆಮಾರುಗಳವರೆಗೆ ವಂಶವನ್ನು ಕಾಡುತ್ತದೆ. ಬೇಸತ್ತ ಮರಿಮಗನ ಮಗ ಇಪ್ಪತ್ತೆರಡನೇ ಶತಮಾನದಿಂದ ಒಂದು ಯಂತ್ರಬೆಕ್ಕನ್ನು ಹಿಂದಕ್ಕೆ ಕಳಿಸುತ್ತಾನೆ. ಮುತ್ತಜ್ಜನ ತಂದೆಯನ್ನು ತಿದ್ದಿದರೆ ವಂಶದ ಹಣೆಬರಹವೇ ತಿದ್ದೀತು ಎಂಬ ಆಸೆ ಅವನದು. ಬೆಕ್ಕು ಬಂದಿಳಿಯುವುದು ಯಾವ ಆಕಾಶನೌಕೆಯಿಂದಲೂ ಅಲ್ಲ, ಹುಡುಗ ಓದುವ ಮೇಜಿನ ಡ್ರಾಯರಿನಿಂದ.

ಬೆಕ್ಕಿನ ಮೈಲೆಕ್ಕವೂ ಮಕ್ಕಳಿಗೆ ಬಾಯಿಪಾಠ. ತಯಾರಾದ ದಿನ 2112ರ ಸೆಪ್ಟೆಂಬರ್ 3, ಎತ್ತರ 129.3 ಸೆಂಟಿಮೀಟರು, ತೂಕ 129.3 ಕಿಲೋ. ಈ 129.3 ಆ ಕಾಲದ ಜಪಾನಿನ ನಾಲ್ಕನೇ ತರಗತಿಯ ಮಗುವಿನ ಸರಾಸರಿ ಎತ್ತರ. ಬೆಕ್ಕು ಮಗುವನ್ನು ಮೇಲಿನಿಂದ ನೋಡಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬೇಕು. ಅದಕ್ಕೆ ಇಲಿ ಕಂಡರೆ ಭಯ. ಕಿವಿಯನ್ನು ತಿಂದದ್ದೇ ಒಂದು ಯಂತ್ರದಿಲಿ. ಅದರ ಪ್ರಾಣ 'ದೊರಾಯಾಕಿ' ಎಂಬ ತಿಂಡಿ. ಅಂಗೈಯಗಲದ ಎರಡು ಸಿಹಿದೋಸೆಗಳ ನಡುವೆ ಕೆಂಪುಕಾಳಿನ ಹೂರಣವನ್ನು ಒತ್ತಿಟ್ಟರೆ ದೊರಾಯಾಕಿ. ಹೋಳಿಗೆ ಬಲ್ಲ ನಾಡಿಗೆ ಇದು ಅಪರಿಚಿತ ರುಚಿಯೇನಲ್ಲ.

ಎಡವುವ ವಿಜ್ಞಾನ

ಜಪಾನಿನ ಮಕ್ಕಳ ವಿಜ್ಞಾನಕಥೆಗೆ ಡೋರೆಮಾನ್ ಮೊದಲನೆಯದಲ್ಲ. ಒಸಾಮು ತೆಜುಕ 1952ರಲ್ಲಿ ಆರಂಭಿಸಿದ ಚಿತ್ರಕಥೆಯ ನಾಯಕ, ಅಣುಶಕ್ತಿಯ ಯಂತ್ರಬಾಲಕ 'ಆಟಮ್' 1963ರ ಜನವರಿ 1ರಂದು ದೂರದರ್ಶನದ ಪರದೆಗೆ ಬಂದಾಗಲೇ ಅಲ್ಲಿ ವಾರವಾರದ ಕಾರ್ಟೂನ್ ಧಾರಾವಾಹಿಯ ಯುಗ ತೆರೆದುಕೊಂಡಿತ್ತು. ಆದರೆ ಆಟಮ್ ಬಲಶಾಲಿ; ಲೋಕವನ್ನು ಕಾಪಾಡುವವನು. ಡೋರೆಮಾನ್ ಕಾಪಾಡಬೇಕಾದದ್ದು ಒಬ್ಬ ಹುಡುಗನನ್ನು, ಅದೂ ನಾಳೆಯ ಗಣಿತ ಪರೀಕ್ಷೆಯಿಂದ.

ಅದರ ಜೇಬಿನಿಂದ ಹೊರಬರುವ ಉಪಕರಣಗಳೂ ಮನೆಬಳಕೆಯ ಸಾಮಾನುಗಳಂತಿವೆ. ತಲೆಯ ಮೇಲಿಟ್ಟರೆ ಹಾರಿಸುವ ಪುಟ್ಟ ರೆಕ್ಕೆ, ತೆರೆದರೆ ಬೇಕಾದ ಊರಿಗೆ ದಾಟಿಸುವ ಬಾಗಿಲು, ಪುಸ್ತಕದ ಪುಟಕ್ಕೆ ಒತ್ತಿ ತಿಂದರೆ ಆ ಪುಟವನ್ನೇ ಬಾಯಿಪಾಠ ಮಾಡಿಸುವ ರೊಟ್ಟಿ. ಈ ರೊಟ್ಟಿಯ ಹೆಸರು 'ಅಂಕಿ ಪಾನ್'. ಜಪಾನಿಯಲ್ಲಿ 'ಅಂಕಿ' ಎಂದರೆ ಬಾಯಿಪಾಠ. 'ಪಾನ್' ಎಂದರೆ ಬ್ರೆಡ್ಡು. ಪೋರ್ಚುಗೀಸರು ಜಪಾನಿಗೆ ಕೊಟ್ಟ ಈ ಶಬ್ದವೇ ನಮ್ಮ ಕಡೆ 'ಪಾವ್' ಆಗಿದೆ. ಪರೀಕ್ಷೆಯ ಹಿಂದಿನ ದಿನ ನೊಬಿತಾ ಈ ರೊಟ್ಟಿಯನ್ನು ಅತಿಯಾಗಿ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಾನೆ, ಕಲಿತದ್ದೆಲ್ಲ ಹೊರಟುಹೋಗುತ್ತದೆ. ಬಹುಪಾಲು ಕಥೆಗಳ ನಡೆ ಹೀಗೆಯೇ. ಯಂತ್ರ ಕೆಲಸ ಮಾಡುತ್ತದೆ, ಮನುಷ್ಯನ ಆಸೆ ಅದನ್ನು ಹಾಳುಗೆಡಹುತ್ತದೆ. ವಿಜ್ಞಾನ ಏನು ಕೊಟ್ಟರೂ ಮನೆಪಾಠವನ್ನು ನೀನೇ ಮಾಡಬೇಕು ಎಂಬ ಬುದ್ಧಿಮಾತು ಇಲ್ಲಿ ಉಪದೇಶವಾಗದೆ ನಗುವಾಗಿ ಬರುತ್ತದೆ.

ಚಿತ್ರಕಥೆಯಿಂದ ಚಲನಚಿತ್ರಕ್ಕೆ ದಾಟುವುದೂ ಸುಲಭವಾಗಲಿಲ್ಲ. 1973ರಲ್ಲಿ ಮಾಡಿದ ಮೊದಲ ದೂರದರ್ಶನ ಧಾರಾವಾಹಿ ಆರು ತಿಂಗಳಲ್ಲಿ ಮುಗಿದುಹೋಯಿತು. 1979ರ ಏಪ್ರಿಲ್‌ನಲ್ಲಿ ಬೇರೊಂದು ಸಂಸ್ಥೆಯಿಂದ ಮತ್ತೆ ಬಂದಾಗ ಬೆಕ್ಕಿಗೆ ದನಿ ಕೊಟ್ಟವರು ನೊಬುಯೊ ಒಯಾಮ ಎಂಬ ನಟಿ. ತುಸು ಒರಟಾದ, ಆದರೆ ತಾಯಿಯಂಥ ಆ ದನಿಯನ್ನು 2005ರವರೆಗೆ ಇಪ್ಪತ್ತಾರು ವರ್ಷ ಜಪಾನಿನ ಮಕ್ಕಳು ಕೇಳಿದರು. ಚಿತ್ರ ಅದೇ, ಕಥೆ ಅದೇ. ದನಿ ಕೂಡಿಬಂದ ಮೇಲೆ ಬೆಕ್ಕು ಮನೆಯದಾಯಿತು. 2008ರಲ್ಲಿ ಜಪಾನ್ ಸರ್ಕಾರದ ವಿದೇಶಾಂಗ ಇಲಾಖೆ ಈ ಬೆಕ್ಕನ್ನೇ ತನ್ನ 'ಕಾರ್ಟೂನ್ ರಾಯಭಾರಿ'ಯಾಗಿ ನೇಮಿಸಿತು.

ಹಿಂದಿಯ ದಾರಿಯಲ್ಲಿ

ಜಪಾನಿನ ಕಾರ್ಟೂನು ಭಾರತದ ಸಣ್ಣ ಊರುಗಳನ್ನು ಮುಟ್ಟಿದ್ದು ಡೋರೆಮಾನ್‌ಗಿಂತ ಮೊದಲೇ. 1993ರಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ತೋರಿಸಿದ 'ಜಂಗಲ್ ಬುಕ್' ಜಪಾನಿನ ನಿಪ್ಪಾನ್ ಅನಿಮೇಶನ್ ಸಂಸ್ಥೆ 1989ರಲ್ಲಿ ಆರಂಭಿಸಿದ ಧಾರಾವಾಹಿ. ಅದಕ್ಕೆ ಗುಲ್ಜಾರ್ ಬರೆದ ಹಿಂದಿ ಹಾಡು ಎಷ್ಟು ಜನಪ್ರಿಯವಾಯಿತೆಂದರೆ, ಮೊಗ್ಲಿಯನ್ನು ಚಿತ್ರಿಸಿದ ಕೈಗಳು ಜಪಾನಿನವೆಂಬುದು ಬಹಳ ಜನಕ್ಕೆ ತಿಳಿಯಲೇ ಇಲ್ಲ. ಮಾತು ಹಿಂದಿಯದಾದ್ದರಿಂದ ಮೊಗ್ಲಿಯೂ ಹಿಂದಿಯವನೇ ಎನಿಸಿದ. ಚಿತ್ರದ ಊರು ಯಾವುದೇ ಇರಲಿ, ಅದರ ಒಡೆತನ ದನಿ ಕೊಟ್ಟ ಭಾಷೆಗೆ ಸೇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

2004ರಲ್ಲಿ ಮಕ್ಕಳಿಗೆಂದೇ ಆರಂಭವಾದ ಹಂಗಾಮಾ ವಾಹಿನಿ ಮರುವರ್ಷ ಡೋರೆಮಾನನ್ನು ಹಿಂದಿಯಲ್ಲಿ ತಂದಿತು. ಸೋನಲ್ ಕೌಶಲ್ ಅವರ ದನಿಯಲ್ಲಿ ಬೆಕ್ಕು ಮನೆಮಾತಾಯಿತು. ಮುಂದೆ ತಮಿಳು, ತೆಲುಗು ದನಿಗಳೂ ಸೇರಿದವು. ಆದರೆ ಕನ್ನಡ ನಾಡಿನ ಬಹುಪಾಲು ಮಕ್ಕಳು ಈ ಬೆಕ್ಕನ್ನು ಅರಿತದ್ದು ಹಿಂದಿಯಲ್ಲೇ. ಬಾದಾಮಿಯ ಮಗು ಶಾಲೆಯಲ್ಲಿ ಹಿಂದಿ ಪಾಠ ಆರಂಭಿಸುವ ಮೊದಲೇ ಬೆಕ್ಕಿನಿಂದ ಹಿಂದಿ ಕಲಿತಿತು.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಇನ್ನೊಂದು ಭಾಷೆ ಕಲಿತರೆ ಮಗುವಿಗೆ ಲಾಭವೇ ಹೊರತು ನಷ್ಟವಿಲ್ಲ. ಉರ್ದು, ಮರಾಠಿಗಳ ಒಡನಾಟ ಈ ಸೀಮೆಗೆ ಆದಿಲಶಾಹಿಯ ಕಾಲದಿಂದಲೂ ಇದೆ. ಆದರೆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ದೇಶವೂ ಉಂಟು. 2013ರಲ್ಲಿ ಬಾಂಗ್ಲಾದೇಶ ಸರ್ಕಾರ ಹಿಂದಿ ಡೋರೆಮಾನ್ ಪ್ರಸಾರವನ್ನು ನಿಷೇಧಿಸಿತು. ಮಕ್ಕಳು ಬಂಗಾಳಿಯ ಬದಲು ಹಿಂದಿಯಲ್ಲಿ ಮಾತನಾಡತೊಡಗಿದ್ದಾರೆ ಎಂಬುದು ಅದು ಕೊಟ್ಟ ಕಾರಣ. ಭಾಷೆಗಾಗಿ ಪ್ರಾಣ ತೆತ್ತ ನಾಡು ಒಂದು ಕಾರ್ಟೂನಿಗೆ ಹೆದರಿತಲ್ಲ ಎಂದು ನಗುವುದು ಸುಲಭ. ಮಗು ಯಾವ ಭಾಷೆಯಲ್ಲಿ ಆಡುತ್ತದೋ, ಯಾವ ಭಾಷೆಯಲ್ಲಿ ಬೆರಗುಪಡುತ್ತದೋ ಆ ಭಾಷೆಯೇ ಅದರ ಕಲ್ಪನೆಯ ಭಾಷೆಯಾಗುತ್ತದೆ ಎಂಬ ಅರಿವು ಆ ಹೆದರಿಕೆಯ ಹಿಂದಿತ್ತು.

ಗೋಡೆಯ ಮೇಲಿನ ಕನ್ನಡ

ಚಿತ್ರಕಥೆ ಎಂಬುದು ಈ ಜಿಲ್ಲೆಗೆ ಹೊರಗಿನಿಂದ ಬಂದ ಹೊಸ ವಸ್ತುವಲ್ಲ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಎಂಟನೇ ಶತಮಾನದ ಪಾಪನಾಥ ದೇವಾಲಯವಿದೆ. ಅದರ ಹೊರಗೋಡೆಯ ಮೇಲೆ ರಾಮಾಯಣದ ಪ್ರಸಂಗಗಳು ಸಾಲಾಗಿ, ಒಂದರ ಪಕ್ಕ ಒಂದು, ಬಿಡಿ ಚಿತ್ರಗಳಾಗಿ ನಿಂತಿವೆ. ಕೆಲವು ಶಿಲ್ಪಗಳ ಬಳಿ ಪಾತ್ರಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊರೆಯಲಾಗಿದೆ. ಸಂಸ್ಕೃತದ ಮಹಾಕಾವ್ಯ, ಕಲ್ಲಿನ ಚಿತ್ರ, ಊರಿನವರು ಓದಬಲ್ಲ ಅಕ್ಷರ: ಈ ಮೂರನ್ನು ಹೊಂದಿಸಿದ ರೂವಾರಿಗೆ, ಚಿತ್ರವನ್ನು ನೋಡುವವನ ಕೈಗೆ ಒಂದಾದರೂ ಪರಿಚಿತ ಅಕ್ಷರವನ್ನು ಕೊಡಬೇಕೆಂಬುದು ಗೊತ್ತಿತ್ತು.

ಚಲಿಸುವ ಚಿತ್ರವೂ ಹೊಸದಲ್ಲ. ಉತ್ತರ ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಬಿಳಿಯ ಪರದೆಯ ಹಿಂದೆ ದೀಪ ಹಚ್ಚಿ, ಬಣ್ಣ ಹಾಕಿದ ತೊಗಲಿನ ರಾಮ, ರಾವಣ, ಹನುಮರನ್ನು ರಾತ್ರಿಯಿಡೀ ಆಡಿಸುತ್ತಿದ್ದರು. ಈ ಕಲೆಯನ್ನು ತಲೆಮಾರುಗಳಿಂದ ಹೊತ್ತು ತಂದ ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರ ಮನೆಮಾತು ಮರಾಠಿಯ ಒಂದು ಉಪಭಾಷೆ. ಆದರೆ ಪರದೆಯ ಹಿಂದೆ ಕುಳಿತಾಗ ಅವರು ಆಡುವುದು ಕನ್ನಡ, ಅದೂ ಆಯಾ ಸೀಮೆಯ ಕನ್ನಡ. ಕಥೆಯ ನಡುವೆ ನುಗ್ಗುವ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಜೋಡಿಯಂತೂ ಊರಿನ ಸಂತೆಯಿಂದ ಈಗಷ್ಟೇ ಎದ್ದು ಬಂದಂತೆ ಮಾತನಾಡುತ್ತದೆ. ಮನೆಯಲ್ಲಿ ಒಂದು ಭಾಷೆ, ಪರದೆಗೆ ಇನ್ನೊಂದು. ನೋಡುವವರ ಭಾಷೆಯೇ ಆಟದ ಭಾಷೆ. ಹುನಗುಂದ, ಇಳಕಲ್ಲುಗಳಿಗೆ ನೆರೆಯದಾದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇಳಿವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಸಂದಾಗ ದೇಶ ಗೌರವಿಸಿದ್ದು ಈ ಪರಂಪರೆಯನ್ನು.

ಜಪಾನಿನಲ್ಲೂ ಇದಕ್ಕೆ ಹೋಲುವ ಒಂದು ಪದ್ಧತಿಯಿತ್ತು. 1930ರ ದಶಕದಲ್ಲಿ 'ಕಾಮಿಶಿಬಾಯ್' ಎಂಬ ಕಾಗದದಾಟದವರು ಸೈಕಲ್ಲಿನ ಮೇಲೆ ಮರದ ಪೆಟ್ಟಿಗೆಯಿಟ್ಟುಕೊಂಡು ಓಣಿ ಓಣಿಗೆ ಬರುತ್ತಿದ್ದರು. ಮಕ್ಕಳಿಗೆ ಮಿಠಾಯಿ ಮಾರಿ, ಪೆಟ್ಟಿಗೆಯೊಳಗಿನ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಕಥೆ ಹೇಳುತ್ತಿದ್ದರು. ಮುಂದೆ ಹೆಸರಾದ ಹಲವು ಚಿತ್ರಕಥೆಗಾರರು ಈ ಪೆಟ್ಟಿಗೆಗಾಗಿ ಚಿತ್ರ ಬರೆದೇ ಕೈ ಪಳಗಿಸಿಕೊಂಡವರು. ಮೋರನಾಳದ ಪರದೆಗೂ ಟೋಕಿಯೋದ ಪೆಟ್ಟಿಗೆಗೂ ನೇರ ನಂಟಿಲ್ಲ. ಆದರೆ ಚಿತ್ರಕ್ಕೆ ಜೀವ ಬರುವುದು ಎದುರಿಗಿರುವ ಮಗುವಿಗೆ ತಿಳಿಯುವ ದನಿಯಿಂದ ಎಂಬುದನ್ನು ಎರಡೂ ಬಲ್ಲವು.

ಅಚ್ಚಿನ ಚಿತ್ರಕಥೆಯಲ್ಲೂ ಕನ್ನಡ ಹಿಂದೆ ಉಳಿದಿರಲಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರಿನೊಡನೆ ಬೆರೆತುಹೋದ 'ಅಮರ ಚಿತ್ರ ಕಥೆ'ಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಹೊರಬಂದ ಅವು ಪಾಶ್ಚಾತ್ಯ ಜಾನಪದ ಕಥೆಗಳ ಅನುವಾದಗಳು. 'ಇಂದ್ರಜಾಲ ಕಾಮಿಕ್ಸ್' ಆಫ್ರಿಕದ ಕಾಡಿನ ಫ್ಯಾಂಟಮ್‌ನನ್ನೂ ಜಾದೂಗಾರ ಮಾಂಡ್ರೇಕ್‌ನನ್ನೂ ಕನ್ನಡದಲ್ಲಿ ಮಾತನಾಡಿಸಿತು. ಪರದೇಶದ ನಾಯಕರು ಕನ್ನಡ ನುಡಿದರೆ ಕನ್ನಡ ಕೆಡುತ್ತದೆಂದು ಆಗ ಯಾರೂ ಹೇಳಲಿಲ್ಲ. ಪುಸ್ತಕದ ಪುಟದಲ್ಲಿ ಸಹಜವಾದದ್ದು ಪರದೆಯ ಮೇಲೆ ಏಕೆ ಕಷ್ಟವಾಯಿತು?

ಬಾಗಿಲು ಹಾಕಿದ ಕಾರಣ

ಉತ್ತರ ಚಲನಚಿತ್ರರಂಗದ ಇತಿಹಾಸದಲ್ಲಿದೆ. 1960ರ ದಶಕದ ಆರಂಭದಲ್ಲಿ ಕನ್ನಡ ಚಿತ್ರರಂಗ ಇನ್ನೂ ಮದ್ರಾಸಿನ ಸ್ಟುಡಿಯೋಗಳ ಆಸರೆಯಲ್ಲಿತ್ತು. ಬೇರೆ ಭಾಷೆಯ ಸಿದ್ಧ ಚಿತ್ರಕ್ಕೆ ಕನ್ನಡದ ಮಾತು ಅಂಟಿಸಿ ಬಿಡುಗಡೆ ಮಾಡುವುದು ಅಗ್ಗದ ದಾರಿ. ಅದು ಹೀಗೆಯೇ ನಡೆದರೆ ಕನ್ನಡದ ನಟ, ತಂತ್ರಜ್ಞ, ಸಾಹಿತಿಗೆ ಕೆಲಸವೇ ಇಲ್ಲದಂತಾಗುತ್ತಿತ್ತು. ಅ.ನ. ಕೃಷ್ಣರಾಯ, ಮ. ರಾಮಮೂರ್ತಿ ಮೊದಲಾದವರ ಕನ್ನಡ ಚಳವಳಿ ಡಬ್ಬಿಂಗನ್ನು ವಿರೋಧಿಸಿತು. ರಾಜಕುಮಾರ್ ಮೊದಲಾದ ಕಲಾವಿದರು ಬೆಂಬಲಕ್ಕೆ ನಿಂತರು. ಸರ್ಕಾರ ಕಾಯಿದೆಯನ್ನೇನೂ ಮಾಡಲಿಲ್ಲ. ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡ ಕಟ್ಟು ಅದು. ಅಂದಿನ ಮಟ್ಟಿಗೆ ಅದು ನ್ಯಾಯವಾದ ಹೋರಾಟವೇ. ಆ ತಡೆಯ ಮರೆಯಲ್ಲಿ ಕನ್ನಡ ಚಿತ್ರರಂಗ ಬೇರೂರಿ ಬೆಳೆಯಿತು ಎಂಬುದನ್ನು ಮರೆಯಲಾಗದು.

ಆದರೆ ಸಸಿಗೆಂದು ಹಾಕಿದ ಬೇಲಿ ಮರ ಬೆಳೆದ ಮೇಲೂ ಉಳಿಯಿತು. ಕೇಬಲ್, ಉಪಗ್ರಹ ವಾಹಿನಿಗಳು ಬಂದಾಗ ಲೋಕದ ಕಥೆಗಳು ಹೇಗೂ ಮನೆಯೊಳಗೆ ಬಂದವು. ಬರದೆ ಉಳಿದದ್ದು ಕನ್ನಡ ಮಾತ್ರ. 2012ರಲ್ಲಿ ಅಮೀರ್ ಖಾನರ 'ಸತ್ಯಮೇವ ಜಯತೆ' ಹಲವು ಭಾಷೆಗಳಲ್ಲಿ ಪ್ರಸಾರವಾದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 'ಕನ್ನಡ ಗ್ರಾಹಕರ ಕೂಟ' ಈ ಅಡ್ಡಿಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ನಿಯಮದ ಉಲ್ಲಂಘನೆ ಎಂದು 2015ರ ಜುಲೈನಲ್ಲಿ ಆಯೋಗ ತೀರ್ಪು ನೀಡಿ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ 'ಮಹಾಭಾರತ' ಧಾರಾವಾಹಿ ಕನ್ನಡದ ದನಿಯಲ್ಲಿ ಬಂದಾಗ ಹಳೆಯ ವಿರೋಧ ಬಹುಮಟ್ಟಿಗೆ ಕರಗಿತ್ತು.

ಮಕ್ಕಳ ಮಟ್ಟಿಗೆ ಬಾಗಿಲು ಸ್ವಲ್ಪ ಮೊದಲೇ ಸರಿದಿತ್ತು. 2009ರಲ್ಲಿ ಆರಂಭವಾದ ಚಿಂಟು ಟಿ.ವಿ. ಹೊರದೇಶದ ಕಾರ್ಟೂನುಗಳನ್ನು ಕನ್ನಡದಲ್ಲಿ ಮಾತನಾಡಿಸಿತು. ಆ ವೇಳೆಗೆ ಡೋರೆಮಾನ್ ಹಿಂದಿಯಲ್ಲಿ ನಾಲ್ಕು ವರ್ಷ ಹಳೆಯವನಾಗಿದ್ದ. ಮಗುವಿನ ಆಯುಷ್ಯದಲ್ಲಿ ನಾಲ್ಕು ವರ್ಷವೆಂದರೆ ಸಣ್ಣದಲ್ಲ, ಅದು ಒಂದು ಬಾಲ್ಯ.

ಈ ತಡದ ಬೆಲೆ ಇಂದಿಗೂ ತೀರಿಲ್ಲ. ಯುಗೊ ಸಾಕೊ ಎಂಬ ಜಪಾನಿ ನಿರ್ಮಾಪಕ ಭಾರತದ ರಾಮ ಮೋಹನ್ ಮೊದಲಾದವರೊಡನೆ ಸೇರಿ 1990ರ ದಶಕದ ಆರಂಭದಲ್ಲಿ ರಾಮಾಯಣವನ್ನು ಪೂರ್ಣಪ್ರಮಾಣದ ಕಾರ್ಟೂನು ಚಿತ್ರವಾಗಿಸಿದರು. 2025ರ ಜನವರಿಯಲ್ಲಿ ಅದು ಹೊಸ ಹೊಳಪಿನೊಡನೆ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ದನಿಗಳಿದ್ದವು, ಕನ್ನಡದ್ದಿರಲಿಲ್ಲ. ಹನ್ನೆರಡು ಶತಮಾನಗಳ ಹಿಂದೆ ಪಟ್ಟದಕಲ್ಲಿನ ಗೋಡೆ ರಾಮಾಯಣಕ್ಕೆ ಕೊಟ್ಟಿದ್ದ ಅಕ್ಷರವನ್ನು ಇಂದಿನ ಮಾರುಕಟ್ಟೆ ಕೊಡಲಿಲ್ಲ.

ಯಾವ ಕನ್ನಡ?

ಕನ್ನಡದ ದನಿ ಸಿಕ್ಕರೆ ಸಮಸ್ಯೆ ಮುಗಿಯಿತೆಂದೂ ಅಲ್ಲ. ಡಬ್ಬಿಂಗ್‌ಗೆ ಸಾಮಾನ್ಯವಾಗಿ ಬಳಸುವುದು ಬೆಂಗಳೂರಿನ ಕಡೆಯ, ಪಠ್ಯಪುಸ್ತಕದ ವಾಸನೆಯ ಕನ್ನಡ. ಇಳಕಲ್ಲಿನ ಮಗುವಿಗೆ ಅದೂ ಅರ್ಧ ಪರಭಾಷೆಯೇ. ಹೊಡೆತ ತಿಂದು ಓಡಿಬಂದ ನೊಬಿತಾ 'ಯವ್ವಾ' ಎಂದು ಅತ್ತಾಗ ಮಾತ್ರ ಆ ಮಗುವಿಗೆ ಅವನು ತನ್ನ ಓಣಿಯವನೆನಿಸುತ್ತಾನೆ. ಜಪಾನಿನ ಪ್ರಕಾಶಕ ಆರು ವಯಸ್ಸಿಗೆ ಆರು ಬಗೆಯ ಮಾತನ್ನು ಹೊಂದಿಸಿದ್ದನ್ನೂ, ತೊಗಲುಗೊಂಬೆಯವರು ಸೀಮೆಗೊಂದು ಮಾತು ಬಳಸಿದ್ದನ್ನೂ ಇಲ್ಲಿ ನೆನೆಯಬೇಕು.

ಡೋರೆಮಾನ್‌ನ ಜೇಬಿನಲ್ಲಿ ಇದಕ್ಕೂ ಒಂದು ಉಪಕರಣವಿದೆ. ಜಪಾನಿಯರು ನಮ್ಮ ಸುವರ್ಣಗೆಡ್ಡೆಯ ದಾಯಾದಿಯಾದ ಒಂದು ಗೆಡ್ಡೆಯಿಂದ 'ಕೊನ್ಯಾಕು' ಎಂಬ, ಮುಟ್ಟಿದರೆ ನಡುಗುವ ತಿನಿಸನ್ನು ಮಾಡುತ್ತಾರೆ. ಅನುವಾದಕ್ಕೆ ಅವರ ಶಬ್ದ 'ಹೊನ್ಯಾಕು'. ಎರಡನ್ನೂ ಪ್ರಾಸದಲ್ಲಿ ಬೆಸೆದು ಫುಜಿಮೊತೊ 'ಹೊನ್ಯಾಕು ಕೊನ್ಯಾಕು' ಎಂಬ ಅನುವಾದದ ತಿನಿಸನ್ನು ಸೃಷ್ಟಿಸಿದರು. ಅದನ್ನು ತಿಂದವರಿಗೆ ಲೋಕದ ಭಾಷೆಗಳೆಲ್ಲ ಸಲೀಸು. ಈ ಪ್ರಾಸ ಬೇರೆ ಭಾಷೆಗೆ ದಾಟದು ಎಂದು ಕೈಚೆಲ್ಲಬೇಕಾಗಿಲ್ಲ. ಹಬ್ಬಕ್ಕೆ ಮಾದಲಿ ಮಾಡುವ ಈ ಸೀಮೆಯ ಅನುವಾದಕನಿಗೆ ಅದು 'ಮಾತಿನ ಮಾದಲಿ' ಎಂದು ಹೊಳೆದರೆ ಸಾಕು, ಬೆಕ್ಕಪ್ಪ ಕೃಷ್ಣೆ ದಾಟಿ ಮನೆಯೊಳಗೆ ಬಂದಂತೆಯೇ.

ಅಲ್ಲಿಯವರೆಗೆ ಆ ಕೆಲಸವನ್ನು ಮಾಡುತ್ತಿರುವುದು ಮಗು. ಹಿಂದಿಯಲ್ಲಿ ಕೇಳಿ, ಬಾಗಲಕೋಟೆಯ ಕನ್ನಡದಲ್ಲಿ ಅಜ್ಜಿಗೆ ಹೇಳುವಾಗ ಅದು ಪರದೆಯ ಹಿಂದೆ ಕುಳಿತು ಗೊಂಬೆಗೆ ದನಿ ಕೊಡುತ್ತಿದ್ದ ಹಳೆಯ ಕಲಾವಿದನ ಜಾಗದಲ್ಲೇ ಕುಳಿತಿರುತ್ತದೆ. ಅಜ್ಜಿ ನಗುತ್ತಾಳೆ, ಮತ್ತೆ ಕೇಳುತ್ತಾಳೆ: 'ಮುಂದ ಏನಾತೋ?'